ಹತ್ತೊಂಬತ್ತು ದಿನದ ಕುಡಿ

ಸುಗಟೂರು
20-1-2025

ಮಾಧವಿ,

ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಫೋನಿನಲ್ಲಿ ನೀನು ನನ್ನ ಮಾತನ್ನು ಅರ್ಧಕ್ಕೇ ತುಂಡು ಮಾಡುತ್ತೀಯ. ಕಾಗದವಾದರೆ ಕೊನೆಯವರೆಗೆ ಓದಲೇಬೇಕು.

ನಮ್ಮ ಸಿನಿಮಾ ಸಂಘ ಚಿತ್ರಕೂಟದ ಅಭಿಪ್ರಾಯದ ಹಾಳೆ ಮೊನ್ನೆ ಬಂತು. ಈ ತಿಂಗಳ ಮೊದಲ ಭಾನುವಾರ ಕೋಲಾರದಲ್ಲಿ ನಾವೆಲ್ಲ ಕೂತು ನೋಡಿದ 'ಹತ್ತೊಂಬತ್ತು ದಿನ' ಸಿನಿಮಾದ ಬಗ್ಗೆ ನಲವತ್ತೊಂದು ಜನ ಕಾರ್ಡು ಬರೆದಿದ್ದಾರೆ. ನೀನು ಎಲ್ಲವನ್ನೂ ಸೇರಿಸಿ ಅಚ್ಚು ಹಾಕಿಸಿದ್ದೀಯ. ಮೂವತ್ತನಾಲ್ಕನೆಯದು ನನ್ನದಂತೆ: "ಗಂಗಾಲಕ್ಷ್ಮಿ, ಸುಗಟೂರು: ಚಿತ್ರದಲ್ಲಿ ತೋರಿಸಿರುವ ತೋಟ ಚೆನ್ನಾಗಿದೆ."

ನಾನು ಹಾಗೆ ಬರೆದೆನಾ? ಕಾರ್ಡಿನ ಒಂದು ಪಕ್ಕ ತುಂಬಿಸಿ, ಇನ್ನೊಂದು ಪಕ್ಕದಲ್ಲಿ ವಿಳಾಸದ ಸುತ್ತಲೂ ಬರೆದಿದ್ದೆ. ಪೋಸ್ಟ್ ಆಫೀಸಿನವರು "ಏನಮ್ಮ ಇದು, ಮುಳಬಾಗಿಲು ಅನ್ನೋದೇ ಕಾಣ್ಸಲ್ವಲ್ಲ" ಅಂದಿದ್ದರು.

ಸಿನಿಮಾದ ಮುದುಕ ಆಂಟನ್ ಹೇಳುವುದೇನು? ತಾನು ಹತ್ತೊಂಬತ್ತು ದಿನ ಬೆಟ್ಟದ ಮೇಲೆ ತಮ್ಮನ ಮನೆಯಲ್ಲಿದ್ದೆ, ಬಂದು ನೋಡಿದರೆ ಹೆಂಡತಿ ಮಾರ್ತಾ ಇಲ್ಲ, ಮನೆಗೆ ಬೀಗ, ಅಷ್ಟೂ ದಿನ ಅಲ್ಲಿ ಯಾರೂ ಕಾಲಿಟ್ಟಿಲ್ಲ ಎಂದು. ಪೊಲೀಸ್ ಹೆಂಗಸು ಅದನ್ನು ನಂಬಬೇಕೋ ಬೇಡವೋ ತಿಳಿಯದೆ ಕೊನೆಗೆ ಬಸ್ಸು ಹತ್ತಿ ಹೋಗುತ್ತಾಳೆ. ಸಿನಿಮಾ ಮುಗಿಯುತ್ತದೆ. ಸರಿ. ಆದರೆ ಆ ಗಾಜಿನ ಮನೆಯೊಳಗೆ ಮಾರ್ತಾ ಬೆಳೆಸಿದ ಟೊಮೆಟೊ ಗಿಡ ನೋಡಿದೆಯಾ? ಹತ್ತೊಂಬತ್ತು ದಿನ ಯಾರೂ ಮುಟ್ಟದ ಗಿಡ ಹಾಗಿರುತ್ತದಾ? ಕಾಂಡಕ್ಕೂ ಎಲೆಗೂ ನಡುವಿನ ಸಂದಿಯಲ್ಲಿ ಬರುವ ಪಕ್ಕದ ಕುಡಿಗಳನ್ನು ಒಂದೂ ಬಿಡದೆ ಚಿವುಟಿದ್ದಾರೆ. ತುದಿಯನ್ನು ಹುರಿಗೆ ಸುತ್ತಿದ್ದಾರೆ. ಆ ಮನೆಗೆ ಯಾರೋ ಬರುತ್ತಿದ್ದರು! ಇದನ್ನೇ ನಾನು ಬರೆದದ್ದು.

ಸಿನಿಮಾ ನಡೆಯುವಾಗಲೇ ನಿನಗೆ ಹೇಳಿದೆ, "ಲೇ, ಆ ಗಿಡ ಯಾರು ಕಟ್ಟಿದ್ದು?" ಅಂತ. ನೀನು "ಶ್ಶ್" ಅಂದೆ. ಎಲ್ಲರೂ ತಿರುಗಿ ನನ್ನ ಕಡೆ ನೋಡಿದರು.

ಕಾಲೇಜಿನ ಪತ್ರಿಕೆಯಲ್ಲೂ ನೀನು ನನ್ನ ಬರಹವನ್ನು ಹೀಗೇ ಕತ್ತರಿಸಿದ್ದೆ. ಅದನ್ನು ಈಗ ಎತ್ತುವುದಿಲ್ಲ.

ಇನ್ನು ಮೇಲೆ ಮೊದಲ ಭಾನುವಾರ ನಾನು ಬರುವುದಿಲ್ಲ. ನನ್ನ ಕುರ್ಚಿಯ ಮೇಲೆ ನಿನ್ನ ಚೀಲ ಇಟ್ಟುಕೋ.

ತೋಟ ಚೆನ್ನಾಗಿದೆ ಎಂದವಳು,
ಗಂಗಾಲಕ್ಷ್ಮಿ


ಮುಳಬಾಗಿಲು
27-1-2025

ಪ್ರಿಯ ಗಂಗಾ,

ನಿನ್ನ ಪತ್ರವನ್ನು ಕೊನೆಯವರೆಗೆ ಓದಿದೆ. ಎರಡು ಸಲ.

ಒಬ್ಬೊಬ್ಬರಿಗೆ ಹದಿನೈದು ಪದ ಎಂಬುದು ಹಾಳೆಯ ನಿಯಮ. ನಿನ್ನ ಕಾರ್ಡಿನಲ್ಲಿ ನೂರ ಹನ್ನೆರಡು ಪದಗಳಿದ್ದವು. ಅದನ್ನು ಎಸೆದಿಲ್ಲ, ನನ್ನ ಬಳಿಯೇ ಇದೆ.

ಉಳಿದವರು ಬರೆದದ್ದನ್ನೂ ನೀನು ಓದಿರುತ್ತೀಯ. ಶ್ರೀನಿವಾಸಪುರದ ದೊಡ್ಡವೆಂಕಟಪ್ಪನವರು "ಗಂಡನೇ ಕೊಂದಿದ್ದಾನೆ, ಮುಖ ನೋಡಿದರೆ ಗೊತ್ತಾಗುತ್ತದೆ" ಎಂದಿದ್ದಾರೆ. ಮಾಲೂರಿನ ವೇಣುಗೋಪಾಲ್ "ಪೊಲೀಸ್ ಮೇಡಂ ಇಡೀ ಚಿತ್ರದಲ್ಲಿ ಒಂದು ಹೊತ್ತೂ ನೆಟ್ಟಗೆ ಊಟ ಮಾಡಲಿಲ್ಲ, ತನಿಖೆ ಹೇಗೆ ಸರಿಹೋಗುತ್ತದೆ?" ಎಂದು ಕೇಳಿದ್ದಾರೆ. ಹದಿನೆಂಟು ಜನರ ಪ್ರಕಾರ ಕೊಂದವನು ಗಂಡ. ಹನ್ನೊಂದು ಜನ ಗಂಡನ ತಮ್ಮ ಎನ್ನುತ್ತಾರೆ. ಒಂಬತ್ತು ಜನರಿಗೆ ಚಿತ್ರ ನಿಧಾನವಾಯಿತು. ಇಬ್ಬರು ನಿದ್ದೆ ಮಾಡಿದ್ದಾಗಿ ಪ್ರಾಮಾಣಿಕವಾಗಿ ಬರೆದಿದ್ದಾರೆ. ಗಿಡದ ಬಗ್ಗೆ ಬರೆದವಳು ನೀನೊಬ್ಬಳೇ.

ನಿನ್ನ ಮಾತಿಗೆ ನನ್ನ ಆಕ್ಷೇಪಗಳಿವೆ. ಅದು ಸ್ಲೊವೇನಿಯಾದ ಚಿತ್ರ, ಅಲ್ಲಿಯ ಚಳಿಗೆ ಗಿಡ ನಮ್ಮಲ್ಲಿಯಂತೆ ಬೆಳೆಯುವುದಿಲ್ಲ. ಅಲ್ಲದೆ ಚಿತ್ರದಲ್ಲಿ ಹತ್ತೊಂಬತ್ತು ದಿನ ಕಳೆಯಿತೆಂದು ನಾವು ನಂಬುತ್ತೇವೆಯೇ ಹೊರತು ಗಿಡಕ್ಕೆ ಅಷ್ಟು ದಿನ ಕಳೆದಿರಬೇಕಾಗಿಲ್ಲ. ಗಾಜಿನ ಮನೆಯ ಮೊದಲ, ಕೊನೆಯ ದೃಶ್ಯಗಳೆರಡನ್ನೂ ಒಂದೇ ಬೆಳಿಗ್ಗೆ ತೆಗೆದಿರಬಹುದು. ಕಳೆದಿದ್ದರೂ, ಚಿತ್ರತಂಡದ ಮಾಲಿ ಯಾರೋ ಗಿಡ ನೋಡಿಕೊಂಡಿರುತ್ತಾನೆ. ಅದು ಕಥೆಯ ಒಳಗಿನ ಸಂಗತಿಯಲ್ಲ.

ನಿರ್ದೇಶಕಿ ಚಿತ್ರವನ್ನು ನಮಗೆ ಉಚಿತವಾಗಿ ಕೊಟ್ಟದ್ದು ಒಂದೇ ಷರತ್ತಿನ ಮೇಲೆ: ನೋಡಿದವರ ಅಭಿಪ್ರಾಯಗಳನ್ನು ಇಂಗ್ಲಿಷಿಗೆ ಮಾಡಿ ಮಾರ್ಚ್ ಕೊನೆಯೊಳಗೆ ಕಳಿಸಬೇಕು. ನನ್ನ ಆಕ್ಷೇಪಗಳಿಗೆ ನಿನ್ನಲ್ಲಿ ಉತ್ತರವಿದ್ದರೆ ನಿನ್ನ ನೂರ ಹನ್ನೆರಡು ಪದಗಳೂ ಹೋಗುತ್ತವೆ. ಇಲ್ಲದಿದ್ದರೆ ಅಚ್ಚಾದ ಸಾಲೇ ಹೋಗುತ್ತದೆ.

ಚೀಲವನ್ನು ನಾನು ನೆಲದ ಮೇಲೇ ಇಡುತ್ತೇನೆ.

ಮಾಧವಿ


ಸುಗಟೂರು
2-2-2025

ಲೇ ಮಾಧವಿ,

ಗಾಜಿನ ಮನೆ ಕಟ್ಟುವುದೇ ಚಳಿ ಒಳಗೆ ಬರದಿರಲಿ ಎಂದು! ಒಳಗೆ ಬಂದ ತಕ್ಷಣ ಆಂಟನ್ ಸ್ವೆಟರ್ ಬಿಚ್ಚುವುದನ್ನು ನೀನು ನೋಡಲಿಲ್ಲವಾ? ನಮ್ಮ ಟೊಮೆಟೊ ಪಾಲಿಹೌಸಿಗೆ ಹೋದರೆ ನಾನು ಸೆರಗು ಸೊಂಟಕ್ಕೆ ಸಿಕ್ಕಿಸುವ ಹಾಗೆ.

ಗಿಡಕ್ಕೂ ದಿನ ಕಳೆದಿದೆ. ಮೊದಲ ಸಲ ಗಾಜಿನ ಮನೆ ತೋರಿಸಿದಾಗ ಮೂರನೇ ಗೊಂಚಲಲ್ಲಿ ಹೂವಿದೆ. ಕೊನೆಯಲ್ಲಿ ಅದೇ ಗೊಂಚಲಲ್ಲಿ ನೆಲ್ಲಿಕಾಯಿ ಗಾತ್ರದ ಕಾಯಿ ಇದೆ. ಹೂವು ಕಾಯಾಗುವಷ್ಟು ದಿನ ಸಂದಿಯ ಕುಡಿ ಮಾತ್ರ ಸುಮ್ಮನಿತ್ತಾ?

ಮಾಲಿಯ ವಿಷಯ ನನಗೆ ಗೊತ್ತಿಲ್ಲ. ಆದರೆ ಆಂಟನ್ ಚಿವುಟಿಲ್ಲ ಎಂದು ಆಣೆ ಮಾಡಿ ಹೇಳುತ್ತೇನೆ. ಬಂದವನು ನೀರು ಹಾಕುತ್ತಾನಲ್ಲ, ಉರಿಬಿಸಿಲಲ್ಲಿ ಎಲೆಯ ಮೇಲೆ ಸುರಿಯುತ್ತಾನೆ! ಟೊಮೆಟೊ ಬೆಳೆದವನು ಹಾಗೆ ಮಾಡಿದರೆ ಅವನಿಗೆ ಜ್ವರ ಬಂದಿರಬೇಕು. ಅವನು ಜನ್ಮದಲ್ಲಿ ಗಿಡ ಮುಟ್ಟಿದವನಲ್ಲ.

ನಿನಗೆ ಅಳತೆ ಬೇಕು, ಅಲ್ವಾ? ನಾಳೆಯಿಂದ ಪಾಲಿಹೌಸಿನಲ್ಲಿ ಎರಡು ಗಿಡಗಳನ್ನು ಹತ್ತೊಂಬತ್ತು ದಿನ ಮುಟ್ಟದೆ ಬಿಡುತ್ತೇನೆ. ಮೂರನೇ ಗೊಂಚಲು ಹೂವಿನಲ್ಲಿರುವ ಗಿಡಗಳನ್ನೇ ಆರಿಸಿದ್ದೇನೆ. ಎರಡಕ್ಕೂ ಕೆಂಪು ರಿಬ್ಬನ್ ಕಟ್ಟಿ, ಮನೆಯವರಿಗೆಲ್ಲ ಹೇಳಿದ್ದೇನೆ. ನಮ್ಮ ಯಜಮಾನರು ಕದಿರೇಶ್, "ಸಿನಿಮಾ ನೋಡ್ಕಂಬಾ ಅಂತ ಕಳ್ಸಿದ್ರೆ ಪತ್ತೇದಾರಿಣಿ ಆಗ್ಬಿಟ್ಟೆ ಕಣೇ" ಅಂದರು. ನಕ್ಕರೂ ಪರವಾಗಿಲ್ಲ, ಮುಟ್ಟಬೇಡಿ ಅಂದೆ.

ಇಪ್ಪತ್ತೆರಡನೇ ತಾರೀಕು ಅಳತೆಪಟ್ಟಿ ಇಟ್ಟು ಬರೆಯುತ್ತೇನೆ.

ಗಂಗಾ


ಮುಳಬಾಗಿಲು
9-2-2025

ಪ್ರಿಯ ಗಂಗಾ,

ಚಿತ್ರದ ಪ್ರತಿ ಇರುವುದು ಚಿತ್ರಕೂಟದ ಅಧ್ಯಕ್ಷರಾದ ಕೋದಂಡರಾಮಪ್ಪನವರ ಬಳಿ. ಶುಕ್ರವಾರ ಬೆಳಿಗ್ಗೆ ಬಸ್ಸಿನಲ್ಲಿ ಕೋಲಾರಕ್ಕೆ ಹೋಗಿ ಅವರ ಮನೆಯಲ್ಲಿ ಇನ್ನೊಮ್ಮೆ ನೋಡಿದೆ. ನಿಲ್ಲಿಸಿ ನಿಲ್ಲಿಸಿ ನೋಡಿದ್ದರಿಂದ ಒಂದೂಮುಕ್ಕಾಲು ಗಂಟೆಯ ಚಿತ್ರ ಐದು ಗಂಟೆ ಹಿಡಿಯಿತು. ಅವರು ಮೂರು ಸಲ ಕಾಫಿ ಕೊಟ್ಟರು. ನಾಲ್ಕನೆಯ ಸಲ "ಏನಮ್ಮ, ನೀವು ಸಿನಿಮಾ ನೋಡ್ತಿದ್ದೀರೋ ಗಿಡ ಕೊಂಡ್ಕೊಳ್ತಿದ್ದೀರೋ?" ಎಂದರು.

ನೀನು ಹೇಳಿದ್ದು ಸರಿ. ಹದಿಮೂರನೇ ನಿಮಿಷದಲ್ಲಿ ಮೂರನೇ ಗೊಂಚಲಿನಲ್ಲಿ ಐದು ಹೂಗಳಿವೆ. ತೊಂಬತ್ತಾರನೇ ನಿಮಿಷದಲ್ಲಿ ಅದೇ ಗೊಂಚಲಿನಲ್ಲಿ ನಾಲ್ಕು ಕಾಯಿಗಳಿವೆ. ಕಿಟಕಿಯ ಒಡೆದ ಗಾಜಿನ ಗುರುತಿನಿಂದ ಅದೇ ಗಿಡವೆಂದು ಖಚಿತ ಮಾಡಿಕೊಂಡೆ. ಸ್ವೆಟರ್ ಬಿಚ್ಚುವುದೂ ನಿಜ. ನನ್ನ ಮೊದಲೆರಡು ಆಕ್ಷೇಪಗಳನ್ನು ಹಿಂತೆಗೆದುಕೊಂಡಿದ್ದೇನೆ.

ಕುಡಿ ಚಿವುಟುವುದೆಂದರೇನು ಎಂದು ನಾನು ಎಂದೂ ಸರಿಯಾಗಿ ನೋಡಿರಲಿಲ್ಲ. ನಿನ್ನೆ ಬೈರಕೂರಿಗೆ ಹೋಗಿ ಮುನಿರಾಮಪ್ಪ ಎಂಬ ರೈತರ ಹೊಲದ ಅಂಚಿನಲ್ಲಿ ನಿಂತಿದ್ದೆ. ಅವರು ನನ್ನೊಡನೆ ಮಗಳ ಕಾಲೇಜಿನ ವಿಷಯ ಮಾತಾಡುತ್ತಲೇ ಇಪ್ಪತ್ತು ಗಿಡ ಮುಗಿಸಿದರು. ಒಮ್ಮೆಯೂ ಕೈಯತ್ತ ನೋಡಲಿಲ್ಲ. ನಾನೂ ಒಂದನ್ನು ಚಿವುಟಿದೆ. ಬೆರಳಿಗೆ ಹತ್ತಿದ ಹಸಿರು ಕಲೆ ಸೋಪಿಗೂ ಹೋಗಲಿಲ್ಲ. ಮನೆಯಲ್ಲಿ ಕೈ ಒರೆಸಿಕೊಂಡ ಬಿಳಿ ಟವೆಲಿನ ಮೇಲೂ ಅದೇ ಕಲೆ.

ಆ ಟವೆಲನ್ನು ನೋಡುತ್ತ ನಿಂತವಳಿಗೆ ಒಂದು ಸಂಗತಿ ನೆನಪಾಯಿತು. ಇವತ್ತು ಭಾನುವಾರ, ಮೊದಲ ಬಸ್ಸಿಗೇ ಮತ್ತೆ ಕೋಲಾರಕ್ಕೆ ಹೋದೆ. ಕೋದಂಡರಾಮಪ್ಪನವರು ಇನ್ನೂ ಸ್ನಾನ ಮಾಡಿರಲಿಲ್ಲ. ತೊಂಬತ್ತೆಂಟನೇ ನಿಮಿಷ, ಅಡುಗೆಮನೆ, ತೊಟ್ಟಿಯ ಪಕ್ಕ ಮೊಳೆಗೆ ನೇತುಹಾಕಿದ ಟವೆಲ್. ಅಂಚಿನಲ್ಲಿ ಹಸಿರು ಕಲೆ ಇದೆ, ಗಂಗಾ! ಮೊದಲ ದೃಶ್ಯದಲ್ಲಿ ಅದು ಬರಿಯ ಬಿಳಿ. ಪೊಲೀಸ್ ಹೆಂಗಸು ಅದರಲ್ಲೇ ಕೈ ಒರೆಸಿಕೊಂಡು ಹೊರಗೆ ಹೋಗುತ್ತಾಳೆ.

ಅನುವಾದದ ಪುಸ್ತಕಗಳನ್ನೇ ಓದುತ್ತ ಬಂದವರಿಗೆ ಒಂದು ಅಭ್ಯಾಸವಿರುತ್ತದೆ. ಅರ್ಥವಾಗದ್ದು ಎದುರಾದರೆ, ಅದು ಅವರ ದೇಶದ ರೂಢಿಯಿರಬೇಕು ಎಂದುಕೊಂಡು ಮುಂದಿನ ಪುಟಕ್ಕೆ ಹೋಗುತ್ತೇವೆ. ಆ ಗಿಡವನ್ನು ನಾನು ಹಾಗೇ ದಾಟಿಬಿಟ್ಟಿದ್ದೆ.

ಮಾಲಿಯ ಆಕ್ಷೇಪ ಇನ್ನೂ ಉಳಿದಿದೆ. ಆದರೂ ಇಪ್ಪತ್ತೆರಡನೇ ತಾರೀಕಿಗೆ ಕಾಯುತ್ತಿದ್ದೇನೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ.

ಮಾಧವಿ


ಸುಗಟೂರು
15-2-2025

ಮಾಧವಿ,

ಎಲ್ಲಾ ಹಾಳಾಯಿತು.

ನಿನ್ನೆ ಬೆಳಿಗ್ಗೆ ಪಾಲಿಹೌಸಿಗೆ ಹೋದರೆ ರಿಬ್ಬನ್ನಿನ ಗಿಡಗಳೆರಡೂ ಬೋಳು. ಹನ್ನೊಂದು ದಿನ ಬೆಳೆದ ಕುಡಿಗಳು ನೆಲದ ಮೇಲೆ ಬಿದ್ದಿವೆ. ನನಗೆ ಅಳು ಬಂತು, ಸಿಟ್ಟೂ ಬಂತು. ಮನೆಯವರನ್ನೆಲ್ಲ ಜಗಲಿಯ ಮೇಲೆ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಬೆರಳು ಮೂಸಿದೆ. ನಗಬೇಡ. ಯಜಮಾನರ ಕೈ ಹಾಲಿನ ವಾಸನೆ. ಕೊನೆಯಲ್ಲಿ ನಮ್ಮತ್ತೆ ಮುನಿಗಂಗಮ್ಮ. ಎಂಬತ್ತು ವರ್ಷ, ಎರಡು ಕಣ್ಣಿಗೂ ಪೊರೆ, ಎದುರಿಗೆ ನಿಂತವರ ಗುರುತೂ ಹತ್ತದು. ಹೆಬ್ಬೆರಳು, ತೋರುಬೆರಳು ಕಡುಹಸಿರು!

"ಅತ್ತೆ, ಆ ಗಿಡ ಮುಟ್ಟಬೇಡಿ ಅಂತ ಹೇಳಿದ್ನಲ್ಲ!"

"ನಾನೆಲ್ಲೇ ಮುಟ್ಟಿದ್ನಿ? ಬೆಚ್ಚಗೈತೆ ಅಂತ ಒಳಗೋಗಿ ಕುಂತಿದ್ನಿ, ಅಷ್ಟೇ."

"ಬೆರಳು ನೋಡ್ಕೊಳ್ಳಿ."

"ಕಣ್ಣು ಕಂಡ್ರಲ್ವೇನೇ ನೋಡ್ಕಣಾದು!" ಅಂದು ತಾವೇ ಮೂಸಿ ನೋಡಿಕೊಂಡರು. ಆಮೇಲೆ ತೆಲುಗಿನಲ್ಲಿ "ಅಯ್ಯೋ ದೇವುಡಾ" ಅಂದು ನಗತೊಡಗಿದರು. "ಕೈ ಹೋಗ್ಬಿಟ್ಟೈತೆ ಕಣಮ್ಮಿ. ನನ್ನ ಕೇಳಿ ಹೋಗ್ಲಿಲ್ಲ ಅದು."

ಅವರ ಜೊತೆ ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಅಚ್ಚಾದ ಸಾಲನ್ನೇ ಕಳಿಸಿಬಿಡು. ತೋಟ ಚೆನ್ನಾಗಿದೆ.

ಗಂಗಾ


ಮುಳಬಾಗಿಲು
18-2-2025

ಗಂಗಾ,

ಏನೂ ಹಾಳಾಗಿಲ್ಲ. ಕೊನೆಯವರೆಗೆ ಓದು, ಈಗ ನಿನ್ನ ಸರದಿ.

ನಿಮ್ಮತ್ತೆಯವರ ಮಾತನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಗುರುತು ಉಳಿಸಬಾರದೆಂದು ಎಚ್ಚರದಿಂದ ಮಾರ್ತಾಳ ಮನೆಯೊಳಗೆ ಬಂದವರು ಗಿಡವನ್ನು ಬೇಕೆಂದು ಮುಟ್ಟುತ್ತಾರೆಯೇ? ಬೀಗ ಮುರಿದಿಲ್ಲ, ತಟ್ಟೆ ತೊಳೆದಿಟ್ಟಿದೆ, ಹಾಸಿಗೆ ನೀಟಾಗಿದೆ. ಎಲ್ಲವನ್ನೂ ಅಳಿಸಿದವರು ಕುಡಿ ಚಿವುಟಿದ್ದನ್ನು ಮಾತ್ರ ಅಳಿಸಿಲ್ಲ. ಏಕೆಂದರೆ ಚಿವುಟಿದ್ದು ಅವರಿಗೇ ಗೊತ್ತಿಲ್ಲ. ಆ ಮನೆಯಲ್ಲಿ ಅಂಥ ಕೈ ಒಂದೇ.

ಮಾರ್ತಾ ಸತ್ತಿಲ್ಲ, ಗಂಗಾ! ಗಂಡನನ್ನು ಬಿಟ್ಟು ಹೋಗಿದ್ದಾಳೆ, ಗಿಡವನ್ನು ಬಿಡಲಾಗಿಲ್ಲ. ನಲವತ್ತೊಂದು ಜನರಲ್ಲಿ ನಲವತ್ತು ಜನ ಹೆಣ ಹುಡುಕಿದೆವು, ಇಲ್ಲವೇ ಆಕಳಿಸಿದೆವು. ಆ ನಲವತ್ತರಲ್ಲಿ ನಾನೂ ಒಬ್ಬಳು.

ಇನ್ನೊಂದು ವಿಷಯ. ನಿನ್ನ ಕಾರ್ಡನ್ನು ಕತ್ತರಿಸಿದ್ದು ನಿಯಮದಿಂದ ಎಂದು ಬರೆದಿದ್ದೆ. ಮೊನ್ನೆ ಹಾಳೆ ತೆಗೆದು ಪದಗಳನ್ನು ಎಣಿಸಿದೆ. ಕೋದಂಡರಾಮಪ್ಪನವರ ಅಭಿಪ್ರಾಯದಲ್ಲಿ ಮೂವತ್ತೆರಡು ಪದಗಳಿವೆ. ದೊಡ್ಡವೆಂಕಟಪ್ಪನವರದು ಇಪ್ಪತ್ತನಾಲ್ಕು. ಅವನ್ನು ನಾನು ಮುಟ್ಟಿಲ್ಲ. ನಿನ್ನದನ್ನು ಕತ್ತರಿಸುವಾಗ ಪೆನ್ನು ಹಿಡಿದ ನೆನಪೂ ಇಲ್ಲ.

ಕಾಲೇಜಿನ ಪತ್ರಿಕೆಯ ವಿಷಯ ಎತ್ತುವುದಿಲ್ಲ ಎಂದಿದ್ದೆ ನೀನು. ನಾನೂ ಎತ್ತುವುದಿಲ್ಲ. ಮರೆತಿಲ್ಲ ಎಂದಷ್ಟೇ ಹೇಳುತ್ತೇನೆ.

ನಿನ್ನ ಕಾರ್ಡನ್ನು ಪೂರ್ತಿಯಾಗಿ ಇಂಗ್ಲಿಷಿಗೆ ಮಾಡುತ್ತಿದ್ದೇನೆ. ನಿನ್ನ ಒಪ್ಪಿಗೆ ಬೇಕು.

ಮಾಧವಿ


ಮುಳಬಾಗಿಲು
3-3-2025

ಗಂಗಾ,

ಹಿಂದಿನ ಪತ್ರ ತಲುಪಿತೇ? ಈ ತಿಂಗಳ ಮೊದಲ ಭಾನುವಾರವೂ ನೀನು ಬರಲಿಲ್ಲ. ಫೋನ್ ಮಾಡಬೇಕೆಂದು ಎರಡು ಸಲ ಕೈಗೆತ್ತಿಕೊಂಡು ಇಟ್ಟೆ. ಉತ್ತರ ಬರೆಯದೆ ಇರುವುದು ನಿನ್ನ ಹಕ್ಕು.

ಮಾಧವಿ


ಸುಗಟೂರು
8-3-2025

ಲೇ ಮಾಧವಿ,

ಹಕ್ಕೂ ಇಲ್ಲ, ಮಣ್ಣೂ ಇಲ್ಲ ಕಣೇ. ಅತ್ತೆಗೆ ಕಣ್ಣಿನ ಆಪರೇಷನ್ ಆಯಿತು, ಕೋಲಾರದಲ್ಲಿ. ಮೊದಲು ಬಲಗಣ್ಣು, ವಾರ ಬಿಟ್ಟು ಎಡಗಣ್ಣು. ಅವರ ಜೊತೆ ನಮ್ಮ ನಾದಿನಿಯ ಮನೆಯಲ್ಲೇ ಇದ್ದೆ. ನಿನ್ನ ಎರಡು ಕಾಗದಗಳೂ ಇಲ್ಲಿ ಕಿಟಕಿಯ ಮೇಲೆ ಕಾಯುತ್ತಿದ್ದವು. ಮೊನ್ನೆ ಗುರುವಾರ ಬಂದು ಓದಿದೆ.

ಆದರೆ ಕೇಳು! ಹದಿನೈದನೇ ತಾರೀಕು ನಿನಗೆ ಹಾಗೆ ಬರೆದು ಪೋಸ್ಟ್ ಮಾಡಿದ ಮೇಲೆ ನನಗೆ ಸಮಾಧಾನವಾಗಲಿಲ್ಲ. ಆ ಮಧ್ಯಾಹ್ನವೇ ಇನ್ನೊಂದು ಗಿಡಕ್ಕೆ ರಿಬ್ಬನ್ ಕಟ್ಟಿದ್ದೆ. ಮೊನ್ನೆಗೆ ಹತ್ತೊಂಬತ್ತು ದಿನ. ಅತ್ತೆ ಊರಲ್ಲಿರಲಿಲ್ಲ, ಗಿಡ ಬದುಕಿತು. ಹೂವಿದ್ದ ಗೊಂಚಲು ನೆಲ್ಲಿಕಾಯಿ ಗಾತ್ರ. ಸಂದಿಗಳಲ್ಲಿ ಹನ್ನೊಂದು ಕುಡಿ. ಎಲ್ಲಕ್ಕಿಂತ ಉದ್ದದ್ದು ಒಂದೂವರೆ ಗೇಣು, ತುದಿಯಲ್ಲಿ ಅದರದೇ ಹೂವು. ಅದನ್ನು ಚಿವುಟಿ ಕಾಗದ ಸುತ್ತಿ ಮುಳಬಾಗಿಲು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದ್ದೇನೆ. "ಏನಮ್ಮ, ಒಂದೇ ಸೊಪ್ಪು?" ಅಂದರು. ಸಾಕ್ಷಿ ಅಂದೆ. ಹುಷಾರಾಗಿ ಡ್ರೈವರ್ ಹಿಂದೆ ಸಿಕ್ಕಿಸಿಕೊಂಡರು.

ಮಾರ್ತಾ ಬದುಕಿದ್ದಾಳೆ ಎಂದು ಓದಿದಾಗ ನನ್ನ ಮೈ ಜುಂ ಅಂದಿತು. ನಾನು ಯಾರೋ ಬಂದರು ಎನ್ನುವವರೆಗೆ ಮಾತ್ರ ಹೋಗಿದ್ದೆ. ಅವಳೇ ಎಂದು ಕಂಡವಳು ನೀನು. ಅದನ್ನು ನಿನ್ನ ಹೆಸರಲ್ಲಿ ಬರೆ. ನನ್ನದನ್ನು ನನ್ನ ಹೆಸರಲ್ಲಿ.

ಒಪ್ಪಿಗೆ. ನೀನು ಬರೆದ ಆ ಇನ್ನೊಂದು ವಿಷಯಕ್ಕೆ ಉತ್ತರ ಬರೆಯುವುದಿಲ್ಲ. ಓದಿದೆ.

ಗಂಗಾ


ಮುಳಬಾಗಿಲು
9-6-2025

ಪ್ರಿಯ ಗಂಗಾ,

ನಿರ್ದೇಶಕಿಯ ಉತ್ತರ ಬಂದಿದೆ. ಮಾರ್ಚಿನಲ್ಲಿ ಕಳಿಸಿದ್ದಕ್ಕೆ ಈಗ. ಬೆಳಿಗ್ಗೆ ಓದಿದವಳು ಅಡುಗೆ ಮಾಡಿಲ್ಲ. ಒಂದು ಪದವನ್ನೂ ಬಿಡದೆ ಕನ್ನಡಕ್ಕೆ ಮಾಡಿದ್ದೇನೆ:

"ಕೋಲಾರದ ಗೆಳೆಯರಿಗೆ, ನಲವತ್ತೊಂದು ಅಭಿಪ್ರಾಯಗಳನ್ನೂ ಓದಿದೆ. ಚಿತ್ರ ನಿಧಾನ ಎಂದವರ ಮಾತನ್ನು ಒಪ್ಪುತ್ತೇನೆ. ನನ್ನ ತಾಯಿಯೂ ಅದನ್ನೇ ಹೇಳಿದರು.

ಶ್ರೀಮತಿ ಗಂಗಾಲಕ್ಷ್ಮಿ ಅವರ ಪತ್ರವನ್ನು ಓದಿ ನಾನು ಚಿತ್ರವನ್ನು ಮತ್ತೆ ಹಾಕಿ ನೋಡಿದೆ. ಗಿಡಗಳು ಕಾಡಿನಂತೆ ಬೆಳೆದಿರಬೇಕೆಂದು ಚಿತ್ರಕಥೆಯಲ್ಲಿ ಬರೆದಿದ್ದೆ. ನಮ್ಮದು ಸಣ್ಣ ತಂಡ, ಮಾಲಿ ಇರಲಿಲ್ಲ. ಚಿತ್ರೀಕರಣದ ಕೊನೆಯ ದಿನ ಗಿಡ ನೀಟಾಗಿರುವುದನ್ನು ನಾನು ಗಮನಿಸಲೇ ಇಲ್ಲ. ಯಾರೂ ಗಮನಿಸಲಿಲ್ಲ. ಚಿತ್ರ ಹನ್ನೆರಡು ದೇಶಗಳಲ್ಲಿ ಪ್ರದರ್ಶನವಾಗಿದೆ, ಯಾರೂ ಕೇಳಲಿಲ್ಲ.

ಮಾರ್ತಾ ಪಾತ್ರ ಮಾಡಿದ ನಟಿಗೆ ಫೋನ್ ಮಾಡಿದೆ. ಅವರ ಭಾಗ ಮೊದಲ ಮೂರು ದಿನಕ್ಕೇ ಮುಗಿದಿತ್ತು. ಅವರ ಊರು ಚಿತ್ರೀಕರಣದ ಮನೆಯಿಂದ ನಾಲ್ಕು ಕಿಲೋಮೀಟರ್. ಅವರು ಒಪ್ಪಿಕೊಂಡರು. ನಾವೆಲ್ಲ ಏಳುವ ಮೊದಲು ಸೈಕಲ್ಲಿನಲ್ಲಿ ಬಂದು, ಕೀಲಿ ಎಲ್ಲಿದೆ ಎಂದು ಗೊತ್ತಿದ್ದರಿಂದ ಒಳಗೆ ಹೋಗಿ, ಗಿಡಗಳ ಕುಡಿ ಚಿವುಟಿ ಹೋಗುತ್ತಿದ್ದರಂತೆ. ಮಾಧವಿ ಅವರು ಬರೆದ ಟವೆಲಿನ ಕಲೆಯೂ ನಟಿಯದೇ ಕೆಲಸ. ನನ್ನ ಚಿತ್ರ ಕೆಟ್ಟಿತೇ ಎಂದು ಕೇಳಿದರು. ಇಲ್ಲ ಎಂದೆ.

ಮಾರ್ತಾಳಿಗೆ ಏನಾಯಿತು ಎಂದು ಕೇಳಿದವರಿಗೆಲ್ಲ ಎರಡು ವರ್ಷದಿಂದ ಗೊತ್ತಿಲ್ಲ ಎನ್ನುತ್ತಿದ್ದೆ. ನಿಜವಾಗಿಯೂ ಗೊತ್ತಿರಲಿಲ್ಲ. ಇನ್ನು ಮೇಲೆ ಕೋಲಾರದವರನ್ನು ಕೇಳಿ ಎನ್ನುತ್ತೇನೆ."

ಪತ್ರ ಇಲ್ಲಿಗೆ ಮುಗಿಯುತ್ತದೆ. ಕುಡಿ ಚಿವುಟಿದ್ದು ಕಥೆಯ ಒಳಗಿನ ಸಂಗತಿಯಲ್ಲ ಎಂಬ ನನ್ನ ಮಾತು ಸರಿ. ಮಾರ್ತಾಳ ಕೈ ಎಂಬ ನಮ್ಮ ಮಾತೂ ಸರಿ. ಎರಡೂ ಒಟ್ಟಿಗೆ ಹೇಗೆ ಸರಿಯಾಯಿತೋ ನನಗೆ ತಿಳಿಯುತ್ತಿಲ್ಲ. ಬೆಳಗಿನಿಂದ ಮನೆಯೊಳಗೆ ಸುಮ್ಮನೆ ಓಡಾಡುತ್ತಿದ್ದೇನೆ.

ಜುಲೈ ಆರನೇ ತಾರೀಕು, ಮೊದಲ ಭಾನುವಾರ, ಚಿತ್ರವನ್ನು ಮತ್ತೆ ತೋರಿಸುತ್ತಾರೆ. ದೊಡ್ಡವೆಂಕಟಪ್ಪನವರು ಗಂಡನ ಮುಖವನ್ನು ಇನ್ನೊಮ್ಮೆ ನೋಡಬೇಕಂತೆ. ನಿನ್ನ ನೂರ ಹನ್ನೆರಡು ಪದಗಳನ್ನು ಓದಲು ಕೋದಂಡರಾಮಪ್ಪನವರು ನನಗೆ ಹೇಳಿದ್ದಾರೆ. ನಾನು ಓದುವುದಿಲ್ಲ ಎಂದಿದ್ದೇನೆ. ಬರೆದವಳೇ ಓದಬೇಕು.

ಮಾಧವಿ


ಸುಗಟೂರು
14-6-2025

ಮಾಧವಿ,

ಕಾರ್ಡಿನಲ್ಲೇ ಬರೆಯುತ್ತಿದ್ದೇನೆ, ಜಾಗ ಕಡಿಮೆ. ಜುಲೈ ಆರರ ಭಾನುವಾರ ಬರುತ್ತೇನೆ. ಎರಡು ಕುರ್ಚಿ ಹಿಡಿದಿಡು, ಅತ್ತೆಯೂ ಹೊರಟಿದ್ದಾರೆ. ಕಣ್ಣು ಬಂದ ಮೇಲೆ ಅವರು ನೋಡುವ ಮೊದಲ ಸಿನಿಮಾ. ಸಿನಿಮಾ ನಡೆಯುವಾಗ ಜೋರಾಗಿ ಮಾತಾಡುತ್ತಾರೆ, ಈಗಲೇ ಹೇಳಿದ್ದೇನೆ. ನೀನು ಶ್ಶ್ ಅನ್ನಬಾರದು.

ನಿರ್ದೇಶಕಿಯ ಕಾಗದವನ್ನು ಅವರಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಕೇಳಿದರು. ನಲವತ್ತೆರಡನೇ ಅಭಿಪ್ರಾಯ ಅಂತ ಬರೆದುಕೋ, ಹಾಗೇ ಕಳಿಸು, ಕತ್ತರಿಸಬೇಡ:

"ಅದ್ಸರಿ ಕಣಮ್ಮಿ, ಸಿನಿಮಾದೋರು ಗಂಟುಮೂಟೆ ಕಟ್ಕಂಡು ಹೋದ್ಮ್ಯಾಲೆ ಆ ಗಿಡಗಳ್ನ ಯಾರ ಕೈಗೆ ಬಿಟ್ರು?"

ಗಂಗಾ